ಎಡೆಯಲ್ಲಿಟ್ಟ ಫೋನು

ಯಲಹಂಕದಲ್ಲಿ ಕೂತು ಸ್ಪ್ಯಾನಿಷ್ ಕಲಿಸುತ್ತೇನೆ ಅಂದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ನಮ್ಮ ಬೀದಿಯ ಹಾಲಿನ ಬೂತಿನವರು ಅದನ್ನು ಬಹಳ ದಿನ ಒಂದು ಬಗೆಯ ಡಾನ್ಸ್ ಎಂದೇ ತಿಳಿದಿದ್ದರು. ಮಂಡಿನೋವಿನ ಹೆಂಗಸಿಗೆ ಈ ವಯಸ್ಸಿನಲ್ಲಿ ಇದೇನು ಕುಣಿತ ಎಂದು ನಮ್ಮ ಯಜಮಾನರ ಹತ್ತಿರ ವಿಚಾರಿಸಿದ್ದರಂತೆ. ನಮ್ಮವರು ಬಿಡಿಸಿ ಹೇಳಬೇಕೋ ಬೇಡವೋ? ನಕ್ಕು ಹಾಲು ತೆಗೆದುಕೊಂಡು ಸುಮ್ಮನೆ ಬಂದಿದ್ದರು.

ನನಗೂ ಆ ಭಾಷೆ ಬಯಸಿ ಬಂದದ್ದಲ್ಲ. ವಿಜಯಪುರದ ಹುಡುಗಿ ನಾನು, ಫ್ರೆಂಚ್ ಓದಬೇಕೆಂದು ಹೈದರಾಬಾದಿಗೆ ಹೋಗಿದ್ದೆ. ಫ್ರೆಂಚಿನ ಸೀಟುಗಳು ತುಂಬಿಹೋಗಿದ್ದವು, ಸ್ಪ್ಯಾನಿಷ್ ಕೇಳುವವರೇ ಇರಲಿಲ್ಲ. ಬಸ್ಸಿನಲ್ಲಿ ಅಷ್ಟು ದೂರ ಬಂದದ್ದು ದಂಡವಾಗಬಾರದು ಅಂತ ಸೇರಿಕೊಂಡೆ. ಆಮೇಲೆ ಮದುವೆ, ಮಕ್ಕಳು, ಬೆಂಗಳೂರು, ಮನೆಯಲ್ಲೇ ಕೂತು ಯಂತ್ರಗಳ ಕೈಪಿಡಿ ಅನುವಾದ ಮಾಡುವ ಒಣ ಕೆಲಸ. 2008ರಲ್ಲಿ ಆರ್.ಟಿ. ನಗರದ ಒಂದು ಭಾಷಾ ತರಬೇತಿ ಕೇಂದ್ರದವರು ಪಾಠ ಮಾಡಲು ಕರೆದಾಗ ನನ್ನ ಬಾಯಿಂದ ಒಂದು ಸ್ಪ್ಯಾನಿಷ್ ಮಾತು ಹೊರಟು ಎಷ್ಟೋ ಕಾಲವಾಗಿತ್ತು. ಅಲ್ಲಿಂದ 2019ರಲ್ಲಿ ನಿವೃತ್ತಳಾಗುವವರೆಗೆ ಕಲಿಸಿದ್ದೇ ಕಲಿಸಿದ್ದು. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಮನೆಗೆ ಬಂದು ಯಾವ ಪುಸ್ತಕ ಒಳ್ಳೆಯದು, ಯಾವ ಆ್ಯಪ್ ಒಳ್ಳೆಯದು ಎಂದು ಕೇಳುತ್ತಾರೆ. ನನಗೆ ಏನಾಯಿತು ಅನ್ನುವುದನ್ನಷ್ಟೇ ಹೇಳಬಲ್ಲೆ.

ಆರ್.ಟಿ. ನಗರದ ಆ ಕೇಂದ್ರ ಒಂದು ಬೇಕರಿಯ ಮೇಲಿತ್ತು. ಕೆಳಗೆ ಬನ್ನು ಬೇಯುವ ವಾಸನೆ, ಮೇಲೆ ನಾನು. ನಮಗೆ ಕೊಟ್ಟಿದ್ದ ಪಠ್ಯಪುಸ್ತಕ ಯಾರೋ ಯುರೋಪಿನವರು ಯುರೋಪಿನವರಿಗಾಗಿ ಬರೆದದ್ದು. ಹಿಮದ ಮೇಲೆ ಜಾರುವ ಆಟಕ್ಕೆ ಹೋಗುವ ಕುಟುಂಬ, ಹೋಟೆಲಿನಲ್ಲಿ ಸಮುದ್ರ ಕಾಣುವ ಕೋಣೆ ಕೇಳುವ ಗಂಡಹೆಂಡತಿ. ನನ್ನೆದುರು ಕೂತವರು ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದ ಹುಡುಗರು. ಅವರಿಗೆ ಸಮುದ್ರ ಕಾಣುವ ಕೋಣೆ ಕಟ್ಟಿಕೊಂಡು ಏನಾಗಬೇಕು? ಕೂತಲ್ಲೇ ತೂಕಡಿಸುತ್ತಿದ್ದರು. ಅವರದೇನೂ ತಪ್ಪಿರಲಿಲ್ಲ, ಆ ಪಾಠ ಮಾಡುವಾಗ ನನಗೂ ಆಕಳಿಕೆ ಬರುತ್ತಿತ್ತು.

ಒಂದು ಸಂಜೆ ಕರೆಂಟು ಹೋಯಿತು. ಪುಸ್ತಕ ಕಾಣದೆ, ಸುಮ್ಮನೆ ಕೂರಲಾಗದೆ, ಮೆಣಸಿನಕಾಯಿಯ ಕಥೆ ಹೇಳಿದೆ. ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಮೆಕ್ಸಿಕೊ ಕಡೆಯದು, ಹಡಗಿನವರು ಅದನ್ನು ನಮ್ಮ ಕರಾವಳಿಗೆ ತಂದರು, ಅದಕ್ಕೂ ಮೊದಲು ನಮ್ಮವರ ಖಾರವೆಲ್ಲ ಕಾಳುಮೆಣಸಿನದು ಎಂದು ಸುಲಭದ ಸ್ಪ್ಯಾನಿಷ್‌ನಲ್ಲಿ, ಅಲ್ಲಲ್ಲಿ ಕನ್ನಡ ಸೇರಿಸಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಈರಣ್ಣ ಅಂತ ಹಾವೇರಿ ಕಡೆಯ ಹುಡುಗ. ಅಲ್ಲಿಯವರೆಗೆ ಬಾಯೇ ಬಿಡದವನು ಎದ್ದು ನಿಂತ.

"ಆಗೂದಿಲ್ರೀ ಮೇಡಂ. ಬ್ಯಾಡಗಿ ಮೆಣಸಿನಕಾಯಿ ಹಡಗಿನ್ಯಾಗ ಬಂದೈತಿ ಅಂದ್ರ ನಮ್ಮಪ್ಪ ನನ್ನ ಮನಿಯಾಗ ಸೇರಸೂದಿಲ್ಲ."

ಸ್ಪ್ಯಾನಿಷ್‌ನಲ್ಲಿ ಹೇಳಿದರೆ ಮಾತ್ರ ಉತ್ತರ ಕೊಡುತ್ತೇನೆ ಅಂದೆ. ಅವನು ಹೇಳಿದ. ತಪ್ಪುತಪ್ಪಾಗಿ, ಕೈಬಾಯಿ ಎರಡೂ ಆಡಿಸುತ್ತ, ಹಣೆಯ ಬೆವರು ಒರೆಸಿಕೊಳ್ಳುತ್ತ ಹೇಳಿದ. ಹಾಗಾದರೆ ಆಲೂಗೆಡ್ಡೆ? ಅದೂ ಅಮೆರಿಕ ಖಂಡದ ಆ ಕಡೆಯವರದೇ. ಟೊಮೆಟೊ? ಅವರದೇ. ಶೇಂಗಾ, ಮೆಕ್ಕೆಜೋಳ, ಪಪ್ಪಾಯಿ, ಸೀಬೆ? ಎಲ್ಲ ಅವರದೇ. ಕೊನೆಗೆ ಅವನು, ನಮ್ಮ ಅಜ್ಜಂದಿರು ಏನು ಗಾಳಿ ತಿಂದು ಬದುಕಿದ್ದರೇ ಎಂದು ಸ್ಪ್ಯಾನಿಷ್‌ನಲ್ಲೇ ಕೇಳಿದಾಗ ಇಡೀ ಕ್ಲಾಸು ನಗುತ್ತಿತ್ತು. ಮನುಷ್ಯ ಭಾಷೆ ಕಲಿಯುವುದು ಹೋಟೆಲಿನ ಕೋಣೆ ಕೇಳಲಿಕ್ಕಲ್ಲ, ಎದುರಿನವರ ಮಾತು ಒಪ್ಪದಿದ್ದಾಗ ಜಗಳವಾಡಲಿಕ್ಕೆ ಎಂದು ನನಗೆ ಅವತ್ತು ಅರ್ಥವಾಯಿತು. ಮರುದಿನದಿಂದ ಪುಸ್ತಕ ಮೇಜಿನ ಮೇಲೇ ಉಳಿಯಿತು. ನಾನು ಆ ದೇಶಗಳ ಕಥೆ, ಹಬ್ಬ, ಅಡುಗೆ, ಚರಿತ್ರೆ ಹುಡುಕಿ ಓದಿಕೊಂಡು ಹೋಗಿ ಹೇಳತೊಡಗಿದೆ.

ಎಡವಟ್ಟುಗಳೂ ಆದವು. ಸ್ಪೇನಿನಲ್ಲಿ ಹೊಸ ವರ್ಷ ಬರುವ ಗಳಿಗೆಗೆ ಗಂಟೆ ಹನ್ನೆರಡು ಸಲ ಬಾರಿಸುವಾಗ ಒಂದೊಂದು ಬಾರಿಗೆ ಒಂದೊಂದು ದ್ರಾಕ್ಷಿ ನುಂಗುತ್ತಾರೆ, ಹಾಗೆ ತಿಂದು ಮುಗಿಸಿದವರಿಗೆ ವರ್ಷವೆಲ್ಲ ಒಳ್ಳೆಯದಾಗುತ್ತದೆ. ಹೇಳಿದರೆ ಸಾಲದು, ಮಾಡಿಸೋಣ ಅನ್ನಿಸಿತು. ಡಿಸೆಂಬರ್ ಕೊನೆಯ ಕ್ಲಾಸಿಗೆ ಚಿಕ್ಕಜಾಲದ ಹತ್ತಿರ ರಸ್ತೆ ಬದಿಯಲ್ಲಿ ಕೊಂಡ ದ್ರಾಕ್ಷಿ ತಂದೆ. ಸ್ಪೇನಿನವರ ದ್ರಾಕ್ಷಿ ಎಂಥದೋ ಏನೋ, ನಮ್ಮ ಕಡೆಯ ಕಪ್ಪು ದ್ರಾಕ್ಷಿಗೆ ದಪ್ಪ ಸಿಪ್ಪೆ, ಒಳಗೆ ಬೀಜ. ನಾನು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸುತ್ತಿದ್ದೇನೆ, ಹುಡುಗರು ಒಂದನ್ನು ಅಗಿಯುವಷ್ಟರಲ್ಲಿ ಇನ್ನೊಂದು ಬಾರಿಸುತ್ತಿದ್ದೇನೆ. ಎಲ್ಲರ ಕೆನ್ನೆ ಊದಿಕೊಂಡು, ಉಗುಳಲಿಕ್ಕೆ ಜಾಗವಿಲ್ಲದೆ, ಒಬ್ಬ ನಗಲು ಹೋಗಿ ಕೆಮ್ಮಿ, ಬೀಜ ಎದುರು ಗೋಡೆಗೆ ಸಿಡಿದವು. ಅದೇ ಹೊತ್ತಿಗೆ ಕೇಂದ್ರದ ಯಜಮಾನರು ಹೊಸ ವಿದ್ಯಾರ್ಥಿಯ ತಂದೆತಾಯಿಯನ್ನು ಕ್ಲಾಸು ತೋರಿಸಲು ಕರೆದುಕೊಂಡು ಬಂದರು. ಯಜಮಾನರು ಬಾಗಿಲು ಎಳೆದುಕೊಂಡು ಅವರನ್ನು ಹಾಗೇ ವಾಪಸು ಕರೆದುಕೊಂಡು ಹೋದರು. ಆ ವಿದ್ಯಾರ್ಥಿ ಮಾತ್ರ ಸೇರಲಿಲ್ಲ.

ಕೆಲವು ವರ್ಷಗಳ ಮೇಲೆ ಹೆಬ್ಬಾಳದ ಒಂದು ಕಾಲ್ ಸೆಂಟರಿಗೆ ತರಬೇತುದಾರಳಾಗಿ ಹೋದೆ. ಅವರು ಮೆಕ್ಸಿಕೊದ ಒಂದು ಫೋನ್ ಕಂಪನಿಯ ಗ್ರಾಹಕರಿಗೆ ಇಲ್ಲಿಂದ ಉತ್ತರ ಕೊಡುತ್ತಿದ್ದರು. ಅಲ್ಲಿ ಸಂಜೆಯಾಗುವಾಗ ಇಲ್ಲಿ ಮುಂಜಾನೆ. ನಮ್ಮ ಹುಡುಗರಿಗೆಲ್ಲ ಕೆಲಸದ ಮಟ್ಟಿಗೆ ಬೇರೆ ಹೆಸರು: ಮಂಜುನಾಥ ಮಾನ್ವೆಲ್ ಆಗುತ್ತಿದ್ದ, ಕಾವ್ಯ ಕಾರ್ಮೆನ್ ಆಗುತ್ತಿದ್ದಳು. ಎಲ್ಲಿಂದ ಮಾತಾಡುತ್ತಿದ್ದೇವೆ ಎಂದು ಗ್ರಾಹಕರಿಗೆ ಹೇಳುವಂತಿರಲಿಲ್ಲ.

ತರಬೇತಿ ಕೋಣೆಯ ಕಿಟಕಿಯಿಂದ ಹೆಬ್ಬಾಳ ಕೆರೆಯ ಒಂದು ತುಂಡು ಕಾಣುತ್ತಿತ್ತು. ಅದನ್ನು ತೋರಿಸಿ ಮೆಕ್ಸಿಕೊ ನಗರದ ಕಥೆ ಶುರು ಮಾಡುತ್ತಿದ್ದೆ. ಕಳ್ಳಿಯ ಮೇಲೆ ಹದ್ದು ಕೂತದ್ದು ಕಂಡಲ್ಲಿ ನೆಲೆ ನಿಲ್ಲಿ ಎಂದು ಅಲ್ಲಿನ ಹಳೆಯ ಜನರಿಗೆ ಅವರ ದೇವರು ಹೇಳಿದ್ದ, ಅದು ಕಂಡದ್ದು ಕೆರೆಯ ನಡುವೆ, ಅಲ್ಲೇ ಊರು ಕಟ್ಟಿದರು, ಆಮೇಲೆ ಬಂದವರು ಕೆರೆ ಬತ್ತಿಸಿ ಅದರ ಮೇಲೆ ನಗರ ಬೆಳೆಸಿದರು, ಈಗ ಆ ನಗರ ನಿಧಾನವಾಗಿ ಕುಸಿಯುತ್ತಿದೆ. ಬಾಗಲೂರಿನ ಒಬ್ಬ ಹುಡುಗ ಇದನ್ನು ಕೇಳಿ, "ಇದರಲ್ಲೇನಿದೆ ಮೇಡಂ, ನಮ್ಮ ಕಡೆ ದಿನಾ ನಡೀತಿದೆಯಲ್ಲ" ಅಂದ. ಅಂದು ಸುಮ್ಮನಾಗದೆ, ತಾನು ಈಜು ಕಲಿತ ಕುಂಟೆಯ ಮೇಲೆ ಈಗ ಯಾವ ಅಪಾರ್ಟ್‌ಮೆಂಟು ನಿಂತಿದೆ ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿದ. ಅವನಿಗೆ ಅಷ್ಟು ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ನನ್ನ ಮ್ಯಾನೇಜರ್ ಪ್ರಭಾಕರ್ ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಆದರೆ ಪುಕ್ಕಲ. ಮೆಕ್ಸಿಕೊದಿಂದ ಒಂದು ಫೋನ್ ಬಂದರೆ ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತು ಮಾತಾಡುತ್ತಿದ್ದರು. ಸ್ಪ್ಯಾನಿಷ್ ವಿಭಾಗದ ಮುಖ್ಯಸ್ಥರಾಗಿದ್ದರೂ ಅವರಿಗೆ ಸ್ಪ್ಯಾನಿಷ್‌ನ ಒಂದಕ್ಷರ ಬರುತ್ತಿರಲಿಲ್ಲ. ನಾನು ಹೇಳುವ ಕಥೆಗಳು ಅವರ ಕಣ್ಣಿಗೆ ಹೊತ್ತು ಕಳೆಯುವ ಉಪಾಯದ ಹಾಗೆ ಕಾಣುತ್ತಿದ್ದವು.

"ಮೇಡಂ, ಸ್ಟೋರಿ ಎಲ್ಲಾ ಓಕೆ. ಆದ್ರೆ ಕ್ಲೈಂಟಿಗೆ ಬೇಕಿರೋದು ಸ್ಕ್ರಿಪ್ಟ್ ಕಣ್ರೀ," ಎನ್ನುತ್ತಿದ್ದರು.

ಸ್ಕ್ರಿಪ್ಟ್ ಅಂದರೆ ಗ್ರಾಹಕರು ಏನು ಹೇಳಿದರೆ ನಾವು ಏನು ಹೇಳಬೇಕು ಎಂದು ಕಂಪ್ಯೂಟರ್ ಪರದೆಯ ಮೇಲೆ ಬರುವ ಮಾತು. ಯಾರಾದರೂ ಫೋನ್ ನಂಬರು ಮುಚ್ಚಿ ಎಂದರೆ ಮೊದಲು ಮೂರು ಆಫರ್ ಹೇಳಬೇಕು, ಮೂರನ್ನೂ ಅವರು ಬೇಡವೆಂದ ಮೇಲೆ ಅದೇ ಕರೆಯಲ್ಲಿ ಮುಚ್ಚಬೇಕು. ಹುಡುಗರು ಆ ಹೊತ್ತಿಗಾಗಲೇ ಮೊಬೈಲಿನ ಆ್ಯಪಿನಲ್ಲಿ ಭಾಷೆ ಕಲಿತುಕೊಂಡು ಬರತೊಡಗಿದ್ದರು. ಆನೆ ಹಾಲು ಕುಡಿಯುತ್ತದೆ, ನನ್ನ ಚಿಕ್ಕಪ್ಪನ ಟೋಪಿ ಹಳದಿ ಎಂದು ಸರಾಗವಾಗಿ ಹೇಳುವರು, ಅಳುವ ಗ್ರಾಹಕರಿಗೆ ಏನು ಹೇಳಬೇಕೆಂದು ಗೊತ್ತಾಗುತ್ತಿರಲಿಲ್ಲ. ನಾನು ಬೆಳಿಗ್ಗೆ ಸ್ಕ್ರಿಪ್ಟ್ ಬಾಯಿಪಾಠ ಮಾಡಿಸಿ, ಪ್ರಭಾಕರ್ ಊಟಕ್ಕೆ ಹೋದಾಗ ಕಥೆ ಹೇಳುತ್ತಿದ್ದೆ. ಅವರು ಬೇಗ ಉಂಡು ಬಂದ ದಿನ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು.

ಆ ಕಂಪನಿಯಲ್ಲಿ ನಾನು ಎಂದೂ ಮರೆಯಲಾರದವಳು ರತ್ನ. ಕೊಡಿಗೇಹಳ್ಳಿಯ ಹಳೆಯ ಮನೆತನದ ಸೊಸೆ. ತನ್ನ ಬ್ಯಾಚಿನ ಹುಡುಗಿಯರಿಗೆಲ್ಲ ಅಕ್ಕನ ವಯಸ್ಸು. ಮನೆಯ ಹತ್ತಿರದ ಚಿಕ್ಕ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದಳು, ಆ ಶಾಲೆ ಮುಚ್ಚಿತು. ರಸ್ತೆ ಅಗಲ ಮಾಡುವಾಗ ಗಂಡನ ಜೆರಾಕ್ಸ್ ಅಂಗಡಿಯೂ ಹೋಯಿತು. ಮಗಳು ಹತ್ತನೇ ಕ್ಲಾಸು. ರತ್ನನಿಗೆ ಈ ಕೆಲಸ ಖಾಯಂ ಆದರೆ ಸರಿ, ಇಲ್ಲದಿದ್ದರೆ ಮಗಳನ್ನು ಶಾಲೆ ಬಿಡಿಸಿ ಎಲ್ಲರೂ ಗೌರಿಬಿದನೂರಿನಲ್ಲಿರುವ ನಾದಿನಿಯ ಮನೆಗೆ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿ ನಾದಿನಿಯ ಗಂಡನ ಇಟ್ಟಿಗೆ ಗೂಡಿನಲ್ಲಿ ಇವಳ ಗಂಡನಿಗೆ ಕೆಲಸ.

ರತ್ನ ಕಲಿಯುವುದರಲ್ಲಿ ನಿಧಾನ. ಗ್ರಾಹಕರ ಮಾತು ಪೂರ್ತಿ ಕೇಳಿಸಿಕೊಂಡು, ಯೋಚಿಸಿ ಉತ್ತರ ಕೊಡುವವಳು. ಕಾಲ್ ಸೆಂಟರಿನಲ್ಲಿ ಇದು ದೊಡ್ಡ ದೋಷ. ಕರೆ ಉದ್ದವಾಯಿತು ಎಂದು ಆಗಲೇ ಎರಡು ಎಚ್ಚರಿಕೆ ಆಗಿದ್ದವು, ಮೂರನೆಯದಾದರೆ ಮನೆಗೆ.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇದ್ದಾಗ ನಾನು ಮೆಕ್ಸಿಕೊದವರ ಸತ್ತವರ ಹಬ್ಬದ ಕಥೆ ಹೇಳಿದೆ. ತೀರಿಕೊಂಡವರು ನವೆಂಬರ್ ಒಂದು, ಎರಡನೇ ತಾರೀಕು ಮನೆಗೆ ಬರುತ್ತಾರೆ ಎಂದು ಅವರ ನಂಬಿಕೆ. ಪಟ ಇಟ್ಟು, ಮೇಣದಬತ್ತಿ ಹಚ್ಚಿ, ದಾರಿ ತಪ್ಪದಿರಲಿ ಎಂದು ಬಾಗಿಲಿನಿಂದ ಪಟದವರೆಗೆ ಚೆಂಡುಹೂವಿನ ಎಸಳು ಚೆಲ್ಲಿ, ಅವರಿಗೆ ಇಷ್ಟವಾದ ಊಟ, ಸಿಗರೇಟು, ಮದ್ಯ ಎಲ್ಲ ಇಡುತ್ತಾರೆ. ಚೆಂಡುಹೂವೂ ಅವರ ಕಡೆಯದೇ ಅಂದೆ. ಯಾವತ್ತೂ ತುಟಿ ಬಿಚ್ಚದ ರತ್ನ ಅವತ್ತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಅವರು ಅಡುಗೆಯನ್ನು ಮೊದಲೇ ರುಚಿ ನೋಡುತ್ತಾರಾ? ಸತ್ತವರು ಉಣ್ಣುವಾಗ ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲುತ್ತಾರಾ? ತಮ್ಮ ಮನೆಯಲ್ಲಿ ಮಾವನಿಗೆ ಮುದ್ದೆ, ಮಟನ್ ಸಾರು, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬಾಟಲಿ ಇಟ್ಟು, ಎಡೆ ಮುಗಿಯುವವರೆಗೆ ಮಕ್ಕಳನ್ನೂ ಒಳಗೆ ಬಿಡುವುದಿಲ್ಲ ಎಂದು ಪೂರ್ತಿ ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಗೊತ್ತಿಲ್ಲದ ಶಬ್ದ ಬಂದಾಗ ಮುದ್ದೆಯನ್ನು ಮುದ್ದೆ ಎಂದೇ ಅಂದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಸಂತೋಷ ನವೆಂಬರ್ ಎರಡನೇ ತಾರೀಕು ಮಧ್ಯಾಹ್ನ ಇಳಿದುಹೋಯಿತು. ಪ್ರಭಾಕರ್ ನನ್ನನ್ನು ತಮ್ಮ ಕೋಣೆಗೆ ಕರೆದರು. ರತ್ನ ಅಲ್ಲಿ ಕೂತಿದ್ದಳು. ಅವಳ ಕೊರಳಲ್ಲಿ ಇರುತ್ತಿದ್ದ ಗುರುತಿನ ಚೀಟಿ ಪ್ರಭಾಕರ್ ಮೇಜಿನ ಮೇಲಿತ್ತು. ಅವತ್ತು ಬೆಳಗಿನ ಪಾಳಿಯ, ಅಂದರೆ ಅಲ್ಲಿ ಒಂದನೇ ತಾರೀಕು ಸಂಜೆಯ ಒಂದು ಕರೆ ತುಂಬಾ ಉದ್ದವಾಗಿದೆ, ಮೆಕ್ಸಿಕೊದವರು ತಪಾಸಣೆಗೆ ಅದನ್ನೇ ಆರಿಸಿಕೊಂಡಿದ್ದಾರೆ, ಒಳಗೆ ಏನಿದೆ ಎಂದು ಕೇಳಿ ಒಂದೊಂದೇ ವಾಕ್ಯ ಅನುವಾದಿಸಿ ಹೇಳಿ ಅಂದರು.

ಕರೆ ಮಾಡಿದ್ದವಳು ಮೆಕ್ಸಿಕೊದ ದಕ್ಷಿಣದ ಒಂದು ಸಣ್ಣ ಊರಿನ ವಿಧವೆ. ದನಿಯಲ್ಲಿ ಬೆಂಕಿ. ಅವಳ ಗಂಡ ಆರೇಳು ತಿಂಗಳ ಹಿಂದೆ ತೀರಿಕೊಂಡಿದ್ದ. ಇದು ಅವನ ಮೊದಲ ಹಬ್ಬ. ಉಣ್ಣುವಾಗಲೂ ಕೈಯಿಂದ ಫೋನು ಬಿಡದ ಮನುಷ್ಯ ಎಂದು ಪಟದ ಮುಂದೆ ಊಟದ ಜೊತೆ ಅವನ ಮೊಬೈಲನ್ನೂ ಇಟ್ಟಿದ್ದರು. ಮನೆಯವರೆಲ್ಲ ಸುತ್ತ ಕೂತು ಪ್ರಾರ್ಥನೆ ಮಾಡುತ್ತಿರುವಾಗ ಆ ಫೋನು ಸದ್ದು ಮಾಡಿದೆ. ಮೊಮ್ಮಗಳು ಕಿಟಾರನೆ ಕಿರುಚಿಕೊಂಡಿದ್ದಾಳೆ, ಮಗಳು ಕುಸಿದು ಕೂತಿದ್ದಾಳೆ. ನೋಡಿದರೆ ಫೋನ್ ಕಂಪನಿಯ ಜಾಹೀರಾತು: ಹಬ್ಬದ ಪ್ರಯುಕ್ತ ನಿಮ್ಮ ಪ್ರೀತಿಪಾತ್ರರೊಂದಿಗೆ ಮನಸಾರೆ ಮಾತಾಡಿ. ಈ ದರಿದ್ರ ನಂಬರನ್ನು ಈಗಿಂದೀಗಲೇ ಮುಚ್ಚಿ ಎಂದು ಆ ಹೆಂಗಸು ಕೂಗುತ್ತಿದ್ದಳು.

ರತ್ನ ಸ್ಕ್ರಿಪ್ಟಿನ ಮೊದಲ ಆಫರ್ ಹೇಳಲು ಶುರುಮಾಡಿ, ನಡುವೆ ನಿಲ್ಲಿಸಿದ್ದಳು. ಅಮ್ಮಾ, ಫೋನು ಈಗ ಎಲ್ಲಿದೆ ಎಂದು ಕೇಳಿದಳು. ಅವರ ಪಟದ ಮುಂದೆಯೇ ಇದೆ ಎಂದಳು ಆ ಹೆಂಗಸು.

"ಹಾಗಾದರೆ ಇವತ್ತು ಮುಚ್ಚುವುದು ಬೇಡಮ್ಮ. ಅವರು ಇನ್ನೂ ಊಟಕ್ಕೆ ಕೂತಿದ್ದಾರೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಇಟ್ಟದ್ದನ್ನು ಅವರು ಎದ್ದು ಹೋಗುವ ತನಕ ತೆಗೆಯುವುದಿಲ್ಲ. ಇನ್ನು ಸಂದೇಶ ಬರದ ಹಾಗೆ ಈಗಲೇ ಮಾಡುತ್ತೇನೆ. ಅವರು ಹೊರಟ ಮೇಲೆ ನಾಳಿದ್ದು ನಾನೇ ಫೋನ್ ಮಾಡಿ, ನಿಮ್ಮನ್ನು ಕೇಳಿ ಮುಚ್ಚುತ್ತೇನೆ."

ಆ ಕಡೆಯ ಬೆಂಕಿ ಆರಿತ್ತು. ಹೆಂಗಸು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ನಿಮ್ಮಲ್ಲೂ ಇಡುತ್ತೀರಾ, ನಿನ್ನದು ಯಾವ ಊರು ಮಗಳೇ ಎಂದು ಕೇಳಿದಳು. ರತ್ನ ಸಹಜವಾಗಿ, "ಕೊಡಿಗೇಹಳ್ಳಿ," ಅಂದಳು. ಅದು ಯಾವ ರಾಜ್ಯದಲ್ಲಿದೆ? ದೂರ ಇದೆಯಮ್ಮ. ಆಮೇಲೆ ಇಬ್ಬರೂ ನೆರೆಮನೆಯವರ ಹಾಗೆ, ಅವನಿಗೆ ಏನೇನು ಮಾಡಿಟ್ಟಿದ್ದೀರಿ, ನಿನ್ನ ಮಾವನಿಗೆ ಏನು ಇಡುತ್ತೀ ಎಂದು ಮಾತಾಡಿಕೊಂಡಿದ್ದರು.

ನಾನು ಅನುವಾದಿಸುತ್ತ ಹೋದ ಹಾಗೆ ಪ್ರಭಾಕರ್ ತಲೆಯ ಮೇಲೆ ಕೈ ಹೊತ್ತುಕೊಂಡರು. ಆಫರ್ ಹೇಳಿಲ್ಲ, ನಂಬರು ಮುಚ್ಚಿಲ್ಲ, ಊರಿನ ಹೆಸರು ಬಿಟ್ಟುಕೊಟ್ಟಿದ್ದಾಳೆ, ತಿರುಗಿ ಫೋನ್ ಮಾಡುತ್ತೇನೆ ಎಂದು ಮಾತು ಬೇರೆ ಕೊಟ್ಟಿದ್ದಾಳೆ, ನಮ್ಮಲ್ಲಿ ಯಾರೂ ಗ್ರಾಹಕರಿಗೆ ತಾವಾಗಿ ಫೋನ್ ಮಾಡುವ ಪದ್ಧತಿಯೇ ಇಲ್ಲ. ಒಂದು ಕರೆಯಲ್ಲಿ ಇಷ್ಟು ತಪ್ಪು ಮಾಡಿದವರನ್ನು ತಾವು ನೋಡಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. ಮರುದಿನ ಸಂಜೆ ಮೆಕ್ಸಿಕೊದ ಅಧಿಕಾರಿಯ ಜೊತೆ ಮಾತುಕತೆ, ಅಲ್ಲಿಯವರೆಗೆ ರತ್ನ ಕೆಲಸಕ್ಕೆ ಬರುವಂತಿಲ್ಲ ಎಂದು ಹೇಳಿದರು.

ರತ್ನ ಅಳಲಿಲ್ಲ. "ಸಾರ್, ನನ್ ಕೆಲ್ಸದ್ ವಿಷ್ಯ ಏನಾದ್ರೂ ಮಾಡ್ಕೊಳಿ. ನಾಳಿದ್ದು ಆ ನಂಬರ್ ಯಾರ್ ಮುಚ್ತಾರೆ? ಆಯಮ್ಮ ಕಾಯ್ಕೊಂಡ್ ಕೂತಿರ್ತಾರೆ," ಅಂದಳು.

ಆ ಕಥೆ ಹೇಳಿದವಳು ನಾನು. ನಾನು ಸುಮ್ಮನೆ ಸ್ಕ್ರಿಪ್ಟ್ ಓದಿಸಿದ್ದರೆ ಇವಳು ಮೂರು ಆಫರ್ ಹೇಳಿ, ನಂಬರು ಮುಚ್ಚಿ, ಬೈಸಿಕೊಂಡು ಕೆಲಸ ಉಳಿಸಿಕೊಳ್ಳುತ್ತಿದ್ದಳು. ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಆಟೋದಲ್ಲಿ ಕೊಡಿಗೇಹಳ್ಳಿಯವರೆಗೆ ಜೊತೆಗೆ ಹೋದೆ.

ಹೊಸ ಕಟ್ಟಡಗಳ ನಡುವೆ ಉಳಿದ ಹೆಂಚಿನ ಮನೆ. ನಡುಮನೆಯಲ್ಲಿ ಮಗಳು ವಿಜ್ಞಾನದ ಪುಸ್ತಕ ಹರಡಿಕೊಂಡು ಕೂತಿದ್ದಳು. ನಮ್ಮ ಮುಖ ನೋಡಿದವಳೇ ಪುಸ್ತಕ ಮುಚ್ಚಿದಳು. ರತ್ನನ ಅತ್ತೆ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡರು. ಸೊಸೆಗೆ ಬೈಯುತ್ತಾರೆ ಎಂದು ನಾನು ಹೆದರಿದ್ದೆ.

"ಉಣ್ಣಾಕ್ ಕುಂತೋರ್ನ ಎಬ್ಬುಸ್ತಾರೇನವ್ವಾ?" ಎಂದು ನನ್ನನ್ನೇ ಕೇಳಿದರು. "ಇವ್ಳು ಏಳಿದ್ರಾಗೆ ತಪ್ಪೇನೈತೆ? ಇಂಗಂದಿದ್ಕೆ ಕೆಲ್ಸ ತೆಗೀತಾರಾ?"

ನಾನು ಅವರ ಪಕ್ಕ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ಹೊರಡುವಾಗ ಮಗಳು ಗೇಟಿನವರೆಗೆ ಬಂದು, ಗೌರಿಬಿದನೂರಿನಲ್ಲಿ ನಮ್ಮ ಶಾಲೆಯಂಥದು ಇದೆಯಾ ಆಂಟಿ ಎಂದು ಮೆಲ್ಲಗೆ ಕೇಳಿದಳು. ಇರುತ್ತದೆ ಪುಟ್ಟಾ ಅಂದೆ. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಮರುದಿನ ಸಂಜೆ ಸಭೆಯ ಕೋಣೆಯಲ್ಲಿ ಸ್ಪೀಕರ್ ಫೋನು ನಡುವೆ ಇಟ್ಟು ಪ್ರಭಾಕರ್, ನಾನು, ಮಾತುಕತೆಗೆಂದು ಕರೆಸಿದ್ದ ರತ್ನ ಮೂವರೂ ಕೂತೆವು. ಆ ಕಡೆ ಎಲೇನಾ ಎಂಬ ಅಧಿಕಾರಿ. ಎಂದೂ ನಗದ, ಗಡಸು ದನಿಯ ಹೆಂಗಸು. ಪ್ರಭಾಕರ್ ಎದ್ದು ನಿಂತು ಇಂಗ್ಲಿಷಿನಲ್ಲಿ ಕ್ಷಮೆ ಕೇಳತೊಡಗಿದರು. ಅವಳು ಅದನ್ನು ಅಲ್ಲಿಗೇ ನಿಲ್ಲಿಸಿ, ತರಬೇತಿ ಕೊಟ್ಟವರು ಇದ್ದಾರಾ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದಳು. ಇದ್ದೇನೆ ಅಂದೆ. ಸತ್ತವರು ಊಟಕ್ಕೆ ಕೂತಿದ್ದಾರೆ ಅನ್ನುವ ಮಾತನ್ನು ನೀವು ಹೇಳಿಕೊಟ್ಟಿರಾ ಎಂದಳು. ಹಬ್ಬದ ಕಥೆ ಹೇಳಿದ್ದು ನಾನು, ಆ ಮಾತು ಅವಳದೇ, ಅವಳ ಮನೆಯಲ್ಲಿ ಹಾಗೇ ಅನ್ನುತ್ತಾರೆ ಎಂದೆ. ತಪ್ಪಾಗಿದ್ದರೆ ಅದು ಪಾಠದ್ದು, ಆ ಹೆಣ್ಣುಮಗಳದ್ದಲ್ಲ ಎಂದೂ ಸೇರಿಸಿದೆ.

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಹಬ್ಬದ ದಿನ ಆ ಜಾಹೀರಾತು ಕಳಿಸಬೇಡಿ ಎಂದು ತಾನು ಬಡಕೊಂಡಿದ್ದೆ, ಯಾರೂ ಕೇಳಲಿಲ್ಲ ಎಂದು ಎಲೇನಾ ಹೇಳಿದಳು. ಪಟದ ಮುಂದೆ ಫೋನು ಇಟ್ಟ ಮನೆಗಳು ಬೇಕಾದಷ್ಟಿದ್ದವಂತೆ. ಎರಡು ದಿನದಿಂದ ಊರೆಲ್ಲ ಉಗಿಯುತ್ತಿದೆ. ಅಂಥ ಪ್ರತಿ ಕರೆಯಲ್ಲೂ ಉತ್ತರ ಕೊಟ್ಟವರು ಸತ್ತವನ ಹೆಂಡತಿಗೆ ಮೂರು ಮೂರು ಆಫರ್ ಹೇಳಿ ಇನ್ನಷ್ಟು ಬೈಸಿಕೊಂಡಿದ್ದಾರೆ. ತಾನು ಕೇಳಿದವುಗಳಲ್ಲಿ ಗ್ರಾಹಕಿ ಥ್ಯಾಂಕ್ಸ್ ಹೇಳಿ ಫೋನಿಟ್ಟದ್ದು ಇದೊಂದೇ ಅಂದಳು. ಪ್ರಭಾಕರ್ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ನಿಮಿಷ ಎಂದು ನಾನು ಅವರಿಗೆ ಕೈಸನ್ನೆ ಮಾಡಿದೆ.

"ನಿಯಮ ಮುರಿದಿದ್ದಾಳೆ, ಅದಕ್ಕೆ ತಪಾಸಣೆಯಲ್ಲಿ ಸೊನ್ನೆ ಅಂಕ ಕೊಡುತ್ತೇನೆ," ಅಂದಳು ಎಲೇನಾ. "ಆದರೆ ಅವಳನ್ನು ತೆಗೆದು ಆ ಮನೆಗೆ ಯಾರ ಕೈಲಿ ಫೋನ್ ಮಾಡಿಸಲಿ? ನಿಮ್ಮ ಲೆಕ್ಕದಲ್ಲಿ ನಾಳೆ ಬೆಳಿಗ್ಗೆ ಅವಳೇ ಮಾಡಲಿ. ಅವಳನ್ನು ಖಾಯಂ ಮಾಡಿ."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಪ್ರಭಾಕರ್ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ರತ್ನನಿಗೆ ಮಾತ್ರ ಸ್ಪೀಕರಿನಿಂದ ಬಂದಾಗಲೇ ಎಲ್ಲ ಅರ್ಥವಾಗಿತ್ತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಆಗ ಅತ್ತಳು. ನನಗೂ ಕಣ್ಣು ತುಂಬಿತು. ಪ್ರಭಾಕರ್ ಗುರುತಿನ ಚೀಟಿಯನ್ನು ಅವಳ ಮುಂದೆ ತಳ್ಳಿ, "ಬಿಪಿ ಮಾತ್ರೆ ತಗೊಳೋ ಹಂಗೆ ಮಾಡ್ಬಿಟ್ರಲ್ಲಮ್ಮ," ಎಂದು ಹೇಳಿ ಎಲ್ಲರಿಗೂ ಟೀ ತರಿಸಿದರು. ಅವತ್ತಿನಿಂದ ಅವರು ಊಟಕ್ಕೆ ಹೋಗುವುದನ್ನು ನಾನು ಕಾಯಬೇಕಾಗಲಿಲ್ಲ. ಕೆಲವೊಮ್ಮೆ ಅವರೇ ಬಂದು ಹಿಂದೆ ಕೂತು ಕಥೆ ಕೇಳುತ್ತಿದ್ದರು, ಅರ್ಥವಾಗದಿದ್ದರೂ ಎಲ್ಲರೂ ನಕ್ಕಾಗ ನಗುತ್ತಿದ್ದರು.

ಮರುದಿನ ನನಗೆ ಬೆಳಗಿನ ಪಾಳಿ ಇರಲಿಲ್ಲ. ಆದರೂ ಯಲಹಂಕದಿಂದ ಮೊದಲ ಬಸ್ಸು ಹಿಡಿದು ಹೋದೆ. ರತ್ನ ತನ್ನ ಜಾಗದಲ್ಲಿ ಕೂತು, ಪರದೆಯ ಮೇಲೆ ಆ ನಂಬರು ತೆರೆದುಕೊಂಡಿದ್ದಳು. ಅಲ್ಲಿ ಮೂರನೇ ತಾರೀಕಿನ ಸಂಜೆ. ಹಬ್ಬ ಮುಗಿದಿತ್ತು. ನಾನು ಪಕ್ಕದ ಕುರ್ಚಿ ಎಳೆದುಕೊಂಡು ಇನ್ನೊಂದು ಹೆಡ್‌ಫೋನು ಹಾಕಿಕೊಂಡೆ.

ಆ ಹೆಂಗಸು ತನ್ನ ಫೋನನ್ನು ಮೊದಲ ರಿಂಗಿಗೇ ಎತ್ತಿದಳು. ರತ್ನ ಹೆಸರು ಹೇಳುವ ಮೊದಲೇ, ಕೊಡಿಗೇಹಳ್ಳಿಯವಳಾ ಎಂದು ಕೇಳಿದಳು. ಹೌದಮ್ಮ, ಅವರು ಹೊರಟರಾ ಎಂದು ರತ್ನ ಕೇಳಿದಳು. ಹೊರಟರು ಮಗಳೇ, ನಿನ್ನೆ ಸಂಜೆ ಸ್ಮಶಾನದವರೆಗೆ ಹೋಗಿ ಎಲ್ಲರೂ ಬೀಳ್ಕೊಟ್ಟು ಬಂದೆವು, ಈಗ ಪಟದ ಮುಂದಿನದನ್ನೆಲ್ಲ ತೆಗೆಯುತ್ತಿದ್ದೇನೆ, ನೀನೂ ಮುಚ್ಚು ಎಂದಳು. ಆಮೇಲೆ ಇನ್ನೂ ಏನೋ ಮೆಲ್ಲಗೆ ಹೇಳಿದಳು, ನನಗೆ ಸರಿಯಾಗಿ ಕೇಳಿಸಲಿಲ್ಲ.

ರತ್ನ ಬೆರಳನ್ನು ಕೀಬೋರ್ಡಿನ ಕೀಲಿಯ ಮೇಲೆ ಇಟ್ಟುಕೊಂಡೇ ನನ್ನ ಕಡೆ ತಿರುಗಿದಳು.

"ಹೊಟ್ಟೆ ತುಂಬಾ ಊಟ ಮಾಡ್ಕೊಂಡ್ ಹೋದ್ರಂತೆ ಮೇಡಂ," ಎಂದು ಹೇಳಿ, ಕೀಲಿ ಒತ್ತಿದಳು.